ಪರೀಕ್ಷಾ ಪಟ್ಟಿ ಓದುವ ಮಾಡ್ಯುಲರ್ ರೀಡರ್: ದಾಖಲೆಯಿಂದ ಆರಂಭಿಸಿ ವಿನ್ಯಾಸ ಮಾಡುವ ಕ್ರಮ

ಮಲೇರಿಯಾ, ಕೋವಿಡ್, ಗರ್ಭಧಾರಣೆ ಮೊದಲಾದವುಗಳ ಪತ್ತೆಗೆ ಬಳಸುವ ತ್ವರಿತ ಪರೀಕ್ಷಾ ಪಟ್ಟಿಯಲ್ಲಿ ಗೆರೆ ಮೂಡಿದೆಯೇ ಇಲ್ಲವೇ ಎಂಬುದನ್ನು ಬರಿಗಣ್ಣಿನಿಂದಲೇ ನೋಡಿ ಹೇಳಬಹುದು. ಆದರೆ ಮಸುಕಾದ ಗೆರೆಯನ್ನು ಒಬ್ಬರು ಪಾಸಿಟಿವ್ ಎಂದೂ ಇನ್ನೊಬ್ಬರು ನೆಗೆಟಿವ್ ಎಂದೂ ಓದುವುದುಂಟು. ಸರಿಯಾಗಿಯೇ ಓದಿದ ಫಲಿತಾಂಶವೂ ರಿಜಿಸ್ಟರಿಗೆ ಬರೆಯುವ ಗಡಿಬಿಡಿಯಲ್ಲಿ ಬೇರೊಬ್ಬ ರೋಗಿಯ ಹೆಸರಿನ ಮುಂದೆ ಸೇರಿಬಿಡುವುದುಂಟು. ಪಟ್ಟಿಯನ್ನು ಬೆಳಕಿನಿಂದ ಓದಿ ಫಲಿತಾಂಶವನ್ನು ದಾಖಲಿಸುವ ಉಪಕರಣವಾದ ರೀಡರ್ ಈ ಎರಡು ದೋಷಗಳನ್ನೂ ತಡೆಯಬೇಕು. ಎರಡನೆಯದನ್ನು ನಾನು ಹೆಚ್ಚು ಅಪಾಯಕಾರಿ ಎಂದು ಎಣಿಸುತ್ತೇನೆ, ಏಕೆಂದರೆ ಅದು ಒಮ್ಮೆ ನಡೆದುಹೋದರೆ ಆಮೇಲೆ ಪತ್ತೆಹಚ್ಚಲು ಸುಳಿವೇ ಉಳಿಯುವುದಿಲ್ಲ. ಆದ್ದರಿಂದ ವಿನ್ಯಾಸವನ್ನು ಲೆನ್ಸು, ಎಲ್‌ಇಡಿಗಳಿಂದ ಆರಂಭಿಸದೆ, ಕೊನೆಯಲ್ಲಿ ಉಳಿಯಬೇಕಾದ ದಾಖಲೆಯಿಂದ ಆರಂಭಿಸುವುದು ಸೂಕ್ತ.

ಮೊದಲು ಒಂದು ಪರೀಕ್ಷೆಯ ದಾಖಲೆಯಲ್ಲಿ ಏನೇನು ಇರಬೇಕು ಎಂದು ಬರೆದಿಟ್ಟುಕೊಳ್ಳಿ: ಮಾದರಿಯ ಬಾರ್‌ಕೋಡ್, ಪರೀಕ್ಷೆಯ ಬಗೆ, ಕ್ಯಾಸೆಟ್ಟಿನ (ಪಟ್ಟಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕವಚದ) ಲಾಟ್ ಅಂದರೆ ತಯಾರಿಕಾ ಕಂತಿನ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ, ಮಾದರಿ ಹಾಕಿದ ಸಮಯ, ಓದಿದ ಸಮಯ, ಆಗಿನ ಉಷ್ಣಾಂಶ, ಪರೀಕ್ಷೆ ಮಾಡಿದವರ ಗುರುತು, ಉಪಕರಣದ ಮತ್ತು ಅದರ ಆಪ್ಟಿಕಲ್ ಮಾಡ್ಯೂಲಿನ ಕ್ರಮಸಂಖ್ಯೆ, ಸಾಫ್ಟ್‌ವೇರ್ ಆವೃತ್ತಿ, ಸೆನ್ಸರ್ ಅಳೆದ ಕಚ್ಚಾ ಸಂಕೇತ, ಅದರಿಂದ ಲೆಕ್ಕಹಾಕಿದ ಫಲಿತಾಂಶ. ಬಳಿಕ ಪ್ರತಿಯೊಂದು ಅಂಶದ ಎದುರಿಗೂ ಅದನ್ನು ಉಪಕರಣದ ಯಾವ ಭಾಗ ತಾನಾಗಿ ಒದಗಿಸುತ್ತದೆ ಎಂದು ನಮೂದಿಸಿ. ಯಾವುದರ ಎದುರಿಗೆ "ಬಳಕೆದಾರರು ಟೈಪ್ ಮಾಡುತ್ತಾರೆ" ಎಂದು ಬರೆಯಬೇಕಾಗುತ್ತದೆಯೋ ಅಲ್ಲಿ ವಿನ್ಯಾಸ ಇನ್ನೂ ಪೂರ್ಣಗೊಂಡಿಲ್ಲ.

ಮಾಡ್ಯೂಲುಗಳನ್ನು ಬೇರ್ಪಡಿಸುವಾಗ, ಬೇರೆ ಬೇರೆ ಕಾರಣಗಳಿಗಾಗಿ ಬದಲಾಗುವ ಭಾಗಗಳನ್ನು ಬೇರೆಯಾಗಿಯೂ ಒಟ್ಟಿಗೇ ಬದಲಾಗಬೇಕಾದವನ್ನು ಒಟ್ಟಿಗೂ ಇಡಬೇಕು. ಕ್ಯಾಸೆಟ್ಟಿನ ಆಕಾರ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಅದನ್ನು ಹಿಡಿಯುವ ಟ್ರೇ ಒಂದು ಮಾಡ್ಯೂಲ್ ಆಗಲಿ. ಬೆಳಕಿನ ಮೂಲ, ಫಿಲ್ಟರ್ ಮತ್ತು ಸೆನ್ಸರ್ ಸೇರಿ ಇನ್ನೊಂದಾಗಲಿ. ನಿಯಂತ್ರಣ ಮತ್ತು ಸಂಗ್ರಹಣೆ ಮೂರನೆಯದು, ವಿದ್ಯುತ್ ಮತ್ತು ಸಂಪರ್ಕ ನಾಲ್ಕನೆಯದು. ಎಲ್‌ಇಡಿಯನ್ನೂ ಸೆನ್ಸರನ್ನೂ ಎರಡು ಮಾಡ್ಯೂಲುಗಳಿಗೆ ಹಂಚಬಾರದು, ಏಕೆಂದರೆ ಕ್ಯಾಲಿಬ್ರೇಶನ್ (ಅಳತೆಯನ್ನು ಗೊತ್ತಿರುವ ಮೌಲ್ಯಕ್ಕೆ ಸರಿಹೊಂದಿಸುವಿಕೆ) ಎಂಬುದು ಆ ಜೋಡಿಗೆ ಸೇರಿದ್ದೇ ಹೊರತು ಬಿಡಿ ಭಾಗಗಳಿಗೆ ಸೇರಿದ್ದಲ್ಲ. ಕಾರ್ಖಾನೆಯಲ್ಲಿ ಅಳೆದ ಗುಣಾಂಕಗಳನ್ನು ಆಪ್ಟಿಕಲ್ ಮಾಡ್ಯೂಲಿನೊಳಗೇ ವಿದ್ಯುತ್ ಹೋದರೂ ಬರಹ ಉಳಿಯುವ ಒಂದು ಚಿಕ್ಕ ಮೆಮೊರಿ ಚಿಪ್ ಆದ ಇಇಪ್ರಾಮ್‌ನಲ್ಲಿ, ಕ್ರಮಸಂಖ್ಯೆ ಮತ್ತು ಚೆಕ್‌ಸಮ್ (ಬರೆದ ದತ್ತಾಂಶ ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಸಹಿತ ಬರೆದಿಟ್ಟರೆ, ಕೆಟ್ಟ ಮಾಡ್ಯೂಲನ್ನು ತೆಗೆದು ಹೊಸದನ್ನು ಕೂರಿಸಿದಾಗ ಕ್ಯಾಲಿಬ್ರೇಶನ್ ಕೂಡ ಅದರೊಂದಿಗೇ ಬರುತ್ತದೆ. ಟ್ರೇಗೂ ಅಂಥದೇ ಒಂದು ಗುರುತು ಇರಲಿ.

ಬೆಳಕಿನ ಆಯ್ಕೆಯನ್ನು ಪಟ್ಟಿಯಲ್ಲಿ ಗೆರೆಗೆ ಬಣ್ಣ ಅಥವಾ ಹೊಳಪು ಕೊಡುವ ಗುರುತುಕಣಗಳೇ ನಿರ್ಧರಿಸುತ್ತವೆ. ಹೆಚ್ಚಿನ ಪಟ್ಟಿಗಳಲ್ಲಿ ಬಳಸುವ ಸುಮಾರು 40 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು 520ರಿಂದ 530 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕನ್ನು ಹೆಚ್ಚು ಹೀರುತ್ತವೆ. ಗೆರೆ ಕೆಂಪಾಗಿ ಕಾಣುವುದು ಅದಕ್ಕಾಗಿಯೇ, ಮತ್ತು ಹಸಿರು ಎಲ್‌ಇಡಿ ಬೇಕಾಗುವುದೂ ಅದಕ್ಕಾಗಿಯೇ. ಚಿನ್ನದ ಬದಲು ಯುರೋಪಿಯಮ್ ಎಂಬ ಧಾತುವಿನ ಕಣಗಳನ್ನು ಬಳಸಿದ ಪಟ್ಟಿಗಳಿಗೆ 365 ನ್ಯಾನೋಮೀಟರ್ ಆಸುಪಾಸಿನ ನೇರಳಾತೀತ ಬೆಳಕು ಕೊಟ್ಟು 615ರ ಸುಮಾರಿಗೆ ಹೊರಬರುವ ಕೆಂಪು ಹೊಳಪನ್ನು ಅಳೆಯಬೇಕಾಗುತ್ತದೆ. ಈ ಎರಡಕ್ಕೂ ಒಂದೇ ಮಾಡ್ಯೂಲ್ ಮಾಡಲು ಹೋಗದೆ, ಒಂದೇ ಕನೆಕ್ಟರಿಗೆ ಹೊಂದುವ ಎರಡು ಮಾಡ್ಯೂಲುಗಳನ್ನು ಮಾಡುವುದು ಲೇಸು.

ಎಲ್‌ಇಡಿಯ ಪ್ರಕಾಶ ಬಿಸಿಯೇರಿದಂತೆ ಕುಗ್ಗುತ್ತದೆ, ವರ್ಷಗಳು ಕಳೆದಂತೆಯೂ ಕುಗ್ಗುತ್ತದೆ. ಆದ್ದರಿಂದ ಪ್ರತಿ ಸಲ ಓದುವಾಗಲೂ ದೀಪ ಆರಿಸಿ ಒಂದು ಅಳತೆ, ಒಳಗೆ ಅಂಟಿಸಿದ ಬಿಳಿಯ ಆಧಾರ ಫಲಕದ ಮೇಲೆ ಒಂದು ಅಳತೆ, ಆನಂತರ ಪಟ್ಟಿಯ ಅಳತೆ ಎಂಬ ಕ್ರಮವನ್ನು ಪಾಲಿಸಬೇಕು. ಒದ್ದೆಯಾದ ಪಟ್ಟಿಯ ಹೊಳಪು ನೇರವಾಗಿ ಸೆನ್ಸರಿಗೆ ಬೀಳದಂತೆ ಬೆಳಕನ್ನು ಓರೆಯಾಗಿ, ಸಾಮಾನ್ಯವಾಗಿ 45 ಡಿಗ್ರಿ ಕೋನದಲ್ಲಿ, ಹಾಯಿಸಲಾಗುತ್ತದೆ. ಕ್ಯಾಮೆರಾ ಬಳಸುವುದಾದರೆ ಸ್ವಯಂಚಾಲಿತ ಎಕ್ಸ್‌ಪೋಶರ್ ಮತ್ತು ವೈಟ್ ಬ್ಯಾಲೆನ್ಸ್‌ಗಳನ್ನು ಕಡ್ಡಾಯವಾಗಿ ನಿಲ್ಲಿಸಿ, ಕಚ್ಚಾ ಚಿತ್ರವನ್ನೇ ಪಡೆಯಬೇಕು. ಚಿತ್ರ ಚೆಂದ ಕಾಣಲೆಂದು ಕ್ಯಾಮೆರಾ ತಾನಾಗಿ ಮಾಡಿಕೊಳ್ಳುವ ತಿದ್ದುಪಡಿಗಳು ಮಸುಕಾದ ಗೆರೆಯನ್ನು ಅಳಿಸಿಯೂ ಬಿಡಬಹುದು, ಇಲ್ಲದ ಗೆರೆಯನ್ನು ತೋರಿಸಿಯೂ ಬಿಡಬಹುದು.

ಲೆಕ್ಕಾಚಾರದಲ್ಲಿ ಮೊದಲು ನೋಡಬೇಕಾದದ್ದು, ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ ಕಂಟ್ರೋಲ್ ಗೆರೆಯನ್ನು. ಅದು ಮೂಡಿಲ್ಲದಿದ್ದರೆ ಪರೀಕ್ಷೆ ಅಮಾನ್ಯ; ಅಲ್ಲಿಗೆ ನಿಲ್ಲಬೇಕು, ಫಲಿತಾಂಶ ಹೇಳುವ ಟೆಸ್ಟ್ ಗೆರೆಯ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಲೇಬಾರದು. ಅದು ಸರಿಯಿದ್ದಾಗ ಪ್ರತಿ ಗೆರೆಯ ಸಂಕೇತದ ಎತ್ತರವನ್ನು ಅದರ ಅಕ್ಕಪಕ್ಕದ ಹಿನ್ನೆಲೆಯಿಂದ ಅಳೆಯಬೇಕು. ಸಂಕೇತವನ್ನು ಸಾಂದ್ರತೆಗೆ ಪರಿವರ್ತಿಸುವ ವಕ್ರರೇಖೆ ಲಾಟ್‌ನಿಂದ ಲಾಟ್‌ಗೆ ಬದಲಾಗುವುದರಿಂದ, ಅದರ ಗುಣಾಂಕಗಳನ್ನು ಕ್ಯಾಸೆಟ್ಟಿನ ಕ್ಯೂಆರ್ ಕೋಡಿನಿಂದಲೇ ಓದಿಕೊಳ್ಳುವ ವ್ಯವಸ್ಥೆ ಇರಲಿ. ಅದೇ ಕೋಡ್ ಅವಧಿ ಮುಗಿದ ಕ್ಯಾಸೆಟ್ಟನ್ನು ತಿರಸ್ಕರಿಸಲೂ ನೆರವಾಗುತ್ತದೆ. ಸಮಯವೂ ಅಷ್ಟೇ ಮುಖ್ಯ. ನಿಗದಿತ ಅವಧಿ ಮೀರಿ ಬಿಟ್ಟ ಪಟ್ಟಿಯಲ್ಲಿ ಹುಸಿಗೆರೆ ಕಾಣಿಸಿಕೊಳ್ಳಬಹುದು, ಬೇಗ ಓದಿದರೆ ನಿಜವಾದ ಗೆರೆಯೇ ತಪ್ಪಿಹೋಗಬಹುದು. ದ್ರವ ಪಟ್ಟಿಯ ಮೇಲೆ ಹರಿಯುತ್ತಿದ್ದಂತೆ ಪ್ರತಿಫಲನ ಬದಲಾಗುತ್ತದೆ. ಆ ಬದಲಾವಣೆಯನ್ನು ಗುರುತಿಸಿ ರೀಡರ್ ತಾನೇ ಗಡಿಯಾರ ಆರಂಭಿಸುವುದು ಅತ್ಯುತ್ತಮ ಮಾರ್ಗ.

ಇನ್ನು ದತ್ತಾಂಶದ ವಿಷಯ. ಮಾದರಿಯ ಬಾರ್‌ಕೋಡನ್ನೂ ಕ್ಯಾಸೆಟ್ಟಿನ ಗುರುತನ್ನೂ ಓದಿ ಜೋಡಿಸಿದ ಮೇಲಷ್ಟೇ ಟ್ರೇ ಒಳಗೆ ಸರಿಯುವಂತೆ ಮಾಡಿ. ಬಾರ್‌ಕೋಡ್ ಹರಿದುಹೋದ ಸಂದರ್ಭಕ್ಕೆ ಕೈಯಿಂದ ನಮೂದಿಸುವ ದಾರಿ ಬೇಕೇ ಬೇಕು, ಆದರೆ ಹಾಗೆ ನಮೂದಿಸಿದ್ದು ದಾಖಲೆಯಲ್ಲಿ ಪ್ರತ್ಯೇಕವಾಗಿ ಗುರುತಾಗಿರಬೇಕು. ಫಲಿತಾಂಶ ಪರದೆಗೆ ಬರುವ ಮೊದಲೇ ಉಪಕರಣದೊಳಗಿನ ಡೇಟಾಬೇಸಿನಲ್ಲಿ ಬರೆದು ಮುಗಿದಿರಬೇಕು. ಸಂಪರ್ಕ ಸಿಕ್ಕಾಗ ಅದನ್ನು ಕಳುಹಿಸಿ, ಸರ್ವರಿನಿಂದ ಸ್ವೀಕೃತಿ ಬರುವ ತನಕ ಸರದಿಯಲ್ಲೇ ಉಳಿಸಿಕೊಳ್ಳಬೇಕು. ಪ್ರತಿ ದಾಖಲೆಗೂ ಉಪಕರಣವೇ ಒಂದು ಅನನ್ಯ ಗುರುತನ್ನು ಕೊಟ್ಟಿದ್ದರೆ, ಎರಡು ಸಲ ತಲುಪಿದರೂ ಸರ್ವರ್ ಅದನ್ನು ಒಂದೇ ಎಂದು ಅರಿಯುತ್ತದೆ. ವಿನಿಮಯಕ್ಕೆ ಎಚ್‌ಎಲ್‌7 ಸಂಸ್ಥೆಯ ಆರೋಗ್ಯ ದತ್ತಾಂಶ ವಿನಿಮಯದ ಫೈರ್ (FHIR) ಮಾನದಂಡವನ್ನೂ ಪರೀಕ್ಷೆಯ ಹೆಸರಿಗೆ ಪ್ರಯೋಗಾಲಯ ಪರೀಕ್ಷೆಗಳಿಗೆ ಜಾಗತಿಕವಾಗಿ ಬಳಸುವ ಲೊಯಿಂಕ್ (LOINC) ಸಂಕೇತವನ್ನೂ ಬಳಸಿದರೆ ಆಸ್ಪತ್ರೆಯ ತಂತ್ರಾಂಶಕ್ಕಾಗಿ ಪ್ರತಿ ಸಲ ಹೊಸ ಭಾಷಾಂತರ ಬರೆಯುವ ಕೆಲಸ ತಪ್ಪುತ್ತದೆ. ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ದಾಖಲಿಸಿ. ಬ್ಯಾಟರಿಯುಳ್ಳ ಗಡಿಯಾರ ಒಳಗಿರಲಿ. ತಿದ್ದುಪಡಿ ಬೇಕಾದರೆ ಹಳೆಯ ದಾಖಲೆಯನ್ನು ಅಳಿಸದೆ, ಕಾರಣ ಸಹಿತ ಹೊಸದನ್ನು ಸೇರಿಸಬೇಕು.

ಪರಿಶೀಲನೆಯಲ್ಲಿ, ಪತ್ತೆಯಾಗಬೇಕಾದ ವಸ್ತುವೇ ಇಲ್ಲದ ಖಾಲಿ ಮಾದರಿಗಳನ್ನು ಹಲವು ಬಾರಿ ಓದಿ, ಅವುಗಳ ಸರಾಸರಿಗೆ ಪ್ರಮಾಣ ವಿಚಲನೆಯ 1.645 ಪಟ್ಟನ್ನು ಕೂಡಿಸಿದರೆ ಖಾಲಿಯ ಮಿತಿ ಸಿಗುತ್ತದೆ. ಕಡಿಮೆ ಸಾಂದ್ರತೆಯ ಮಾದರಿಗಳ ವಿಚಲನೆಯ 1.645 ಪಟ್ಟನ್ನು ಅದಕ್ಕೆ ಮತ್ತೆ ಕೂಡಿಸಿದರೆ ಪತ್ತೆಯ ಕನಿಷ್ಠ ಮಿತಿ ಸಿಗುತ್ತದೆ. ಈ ಅಳತೆಗಳನ್ನು ಒಂದೇ ಆಪ್ಟಿಕಲ್ ಮಾಡ್ಯೂಲಿನಲ್ಲಿ ಮಾಡಿ ಮುಗಿಸದೆ, ಹಲವು ಮಾಡ್ಯೂಲುಗಳನ್ನು ಅದಲುಬದಲು ಮಾಡಿ ಮಾಡಬೇಕು, ಇಲ್ಲವಾದರೆ ಉಪಕರಣ ಮಾಡ್ಯುಲರ್ ಎನ್ನಲು ಆಧಾರವಿರುವುದಿಲ್ಲ. ಓದುವ ನಡುವೆ, ಬರೆಯುವ ನಡುವೆ, ಕಳುಹಿಸುವ ನಡುವೆ ವಿದ್ಯುತ್ ಕಡಿದು, ಅರ್ಧ ದಾಖಲೆ ಎಲ್ಲಿಯೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಪಾಯ ವಿಶ್ಲೇಷಣೆಗೆ ಐಎಸ್‌ಒ 14971, ಸಾಫ್ಟ್‌ವೇರ್ ಪ್ರಕ್ರಿಯೆಗೆ ಐಇಸಿ 62304 ಮಾನದಂಡಗಳನ್ನು ಮೊದಲ ದಿನದಿಂದಲೇ ಅನುಸರಿಸಿದರೆ ಕಡತಗಳು ಕೆಲಸದ ಜೊತೆಜೊತೆಗೇ ಸಿದ್ಧವಾಗುತ್ತವೆ. ಲೆಕ್ಕಾಚಾರದ ವಿಧಾನವನ್ನು ಮುಂದೆ ಬದಲಿಸಿದಾಗ, ಕೂಡಿಟ್ಟ ಕಚ್ಚಾ ಸಂಕೇತಗಳ ಮೇಲೆ ಹೊಸ ವಿಧಾನವನ್ನು ಓಡಿಸಿ, ಹಳೆಯ ಫಲಿತಾಂಶಕ್ಕಿಂತ ಭಿನ್ನವಾಗಿ ಬಂದ ಪ್ರತಿಯೊಂದು ಪರೀಕ್ಷೆಯನ್ನೂ ಒಬ್ಬ ತಜ್ಞರು ಪರಿಶೀಲಿಸಿದ ನಂತರವೇ ಆ ಆವೃತ್ತಿಯನ್ನು ಉಪಕರಣಗಳಿಗೆ ಬಿಡುಗಡೆ ಮಾಡಿ.