ಕಾಂಡದ ತುಂಬಾ ಕಾಯಿ: ಹಿತ್ತಲಲ್ಲಿ ಜಬೋಟಿಕಾಬಾ

ಬ್ರೆಜಿಲ್ ಮೂಲದ ಹಣ್ಣಿನ ಗಿಡ ಜಬೋಟಿಕಾಬಾ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಹಿತ್ತಲಿಗೆ ಒಗ್ಗಿದ್ದಕ್ಕೆ ನನ್ನ ಕೈಗುಣಕ್ಕಿಂತ ಇಲ್ಲಿನ ಮಣ್ಣು, ನೀರೇ ಕಾರಣ. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ. ನಮ್ಮದು ಜಂಬಿಟ್ಟಿಗೆ ಮಣ್ಣು, ಮಳೆಗೆ ಸುಣ್ಣದಂಶವೆಲ್ಲ ತೊಳೆದುಹೋಗಿ ತಾನಾಗಿಯೇ ಹುಳಿಯಾಗಿರುತ್ತದೆ. ತೋಟಕ್ಕೆ ಸುಣ್ಣ ಹಾಕುವಾಗ ಇದರ ಬುಡದ ಹತ್ತಿರ ಮಾತ್ರ ಹೋಗಬೇಡಿ ಅಂತ ಕೆಲಸದವರಿಗೆ ಹೇಳಿಟ್ಟಿದ್ದೇನೆ.

ಹಳೆಯ ಕಪ್ಪು ತಳಿಯ ಬೀಜದ ಗಿಡ ಫಲಕ್ಕೆ ಬರಲು ಎಂಟು-ಹತ್ತು ವರ್ಷ ಬೇಕು. ಅಷ್ಟು ತಾಳ್ಮೆ ಯಾರಿಗಿದೆ? ನಾನು ಕೆಂಪು ಹೈಬ್ರಿಡ್ ತಂದೆ. ಇದು ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷಕ್ಕೇ ಹೂ ಬಿಡುತ್ತದೆ.

ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಹಾಗಾಗಿ ಬುಡಕ್ಕೆ ಗುದ್ದಲಿ ತಾಗಿಸುವುದಿಲ್ಲ, ಕಳೆಯನ್ನು ಕೈಯಲ್ಲೇ ಕೀಳುತ್ತೇನೆ. ಕೊಟ್ಟಿಗೆ ಗೊಬ್ಬರ ಹರಡಿ, ಅದರ ಮೇಲೆ ದಪ್ಪಗೆ ದರಗು ಮುಚ್ಚುತ್ತೇನೆ, ಕಾಂಡದ ಸುತ್ತ ಒಂದು ಗೇಣು ಬಿಟ್ಟು. ಬೇಸಿಗೆಯಲ್ಲಿ ಬುಡ ಒಣಗಿತೋ, ಹೂ ಇಲ್ಲ. ಬಿಟ್ಟ ಹೂವೂ ಉದುರುತ್ತದೆ. ಅಡಿಕೆಗೆ ನೀರು ಬಿಟ್ಟಾಗೆಲ್ಲ ಇದಕ್ಕೂ ಪಾಲು.

ಬೆಂಗಳೂರಿನಲ್ಲಿ ಅಕ್ಕನ ಮನೆ ಟೆರೇಸಿನಲ್ಲೂ ಒಂದಿದೆ, ದೊಡ್ಡ ಡ್ರಮ್ಮಿನಲ್ಲಿ. ಬೋರ್‌ವೆಲ್ಲಿನ ಗಡಸು ನೀರಿಗೆ ಎಲೆಯ ತುದಿ ಸುಟ್ಟು, ಚಿಗುರು ಹಳದಿಗೆ ತಿರುಗಿತ್ತು. ಈಗ ಮಳೆ ನೀರು ಹಿಡಿದಿಟ್ಟು ಹಾಕುತ್ತಾಳೆ. ಹೊಸ ಚಿಗುರು ಹಸಿರಾಗೇ ಬರುತ್ತಿದೆ.

ಇದು ಪೇರಲೆ, ನೇರಳೆಯ ಬಳಗದ್ದು. ತೊಗಟೆ ಪೇರಲೆಯದರ ಹಾಗೇ ಸುಲಿದು ಬೀಳುತ್ತದೆ. ಆ ನುಣುಪು ಕಾಂಡದ ಮೇಲೆ ಮೊದಲು ಸೂಜಿಮೊನೆಯಷ್ಟು ಹಸಿರು ಮೊಗ್ಗು. ಒಂದು ಬೆಳಿಗ್ಗೆ ನೋಡಿದರೆ ಬುಡದಿಂದ ರೆಂಬೆಯವರೆಗೆ ಬಿಳಿ ಹೂವಿನ ಎಳೆಗಳು. ಹೆಚ್ಚೂಕಡಿಮೆ ಒಂದೂವರೆ ತಿಂಗಳಲ್ಲಿ ಹಣ್ಣು.

ಹಣ್ಣು ಕಾಂಡಕ್ಕೇ ಅಂಟಿರುವುದು ಒಂದು ಅನುಕೂಲ, ಹಳೆ ಸೀರೆ ಸುತ್ತಿದರೆ ಮುಗಿಯಿತು, ಬಾವಲಿ, ಪಿಕಳಾರಗಳ ಕಾಟವಿಲ್ಲ. ಮುಟ್ಟಿದರೆ ಮೆತ್ತಗಾಗಿರಬೇಕು, ಆಗಲೇ ಕೀಳಬೇಕು. ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಹಲ್ಲಲ್ಲಿ ಒತ್ತಿದರೆ ಸಿಪ್ಪೆ ಒಡೆದು ಒಳಗಿನ ಬಿಳಿ ತಿರುಳು ನಾಲಿಗೆಗೆ ಜಾರುತ್ತದೆ. ಸಿಹಿ ಜಾಸ್ತಿ, ಹಿಂದೆಯೇ ಒಂಚೂರು ಹುಳಿ. ಸಿಪ್ಪೆ ಒಗರು. ಅದಕ್ಕೆ ಬೆಲ್ಲ, ಹಸಿಮೆಣಸು ಹಾಕಿ ಗೊಜ್ಜು ಮಾಡುತ್ತೇವೆ.

ಮೂರು-ನಾಲ್ಕು ದಿನಕ್ಕೇ ಹುದುಗು ಬರುವುದರಿಂದ ಪೇಟೆಗೆ ಕಳಿಸುವ ಮಾತಿಲ್ಲ. ತಿನ್ನಬೇಕೆಂದರೆ ಮರದ ಹತ್ತಿರವೇ ಬರಬೇಕು. ಪಕ್ಕದ ಮನೆಯ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.