ಮರುಭೂಮಿಯ ಹೂಳಿನಲ್ಲಿ ಹಳೆಯ ಮಳೆ ಹುಡುಕುವುದು ಹೇಗೆ

ಮರುಭೂಮಿಯಲ್ಲಿ ಬಿಳಿ ಮಣ್ಣಿನ ಚಪ್ಪಟೆ ಬಯಲು ಕಂಡರೆ ಸಾಕು, 'ಇಲ್ಲಿ ಸರೋವರ ಇತ್ತು, ಅಂದ್ರೆ ಜಾಸ್ತಿ ಮಳೆ ಬರ್ತಿತ್ತು' ಅಂತ ಹೇಳಿಬಿಡುತ್ತಾರೆ. ಇದರಲ್ಲಿ ಎರಡು ಬೇರೆ ಬೇರೆ ಮಾತಿವೆ. ಸರೋವರ ಇತ್ತೇ ಅನ್ನುವುದು ಒಂದು, ಅದು ಅಲ್ಲಿನ ಮಳೆಯಿಂದಲೇ ತುಂಬಿತ್ತೇ ಅನ್ನುವುದು ಇನ್ನೊಂದು. ಮೊದಲನೆಯದನ್ನು ತೋರಿಸುವುದು ಅಷ್ಟೇನೂ ಕಷ್ಟವಲ್ಲ. ಎಡವುವುದು ಎರಡನೆಯದರಲ್ಲಿ.

ಅಗೆಯುವ ಮುಂಚೆ ಉಪಗ್ರಹದ ಚಿತ್ರ ಮತ್ತು ಎತ್ತರದ ನಕ್ಷೆ ತೆರೆದು ನೋಡಿ. ನೀರು ಹೊರಗೆ ಹರಿದುಹೋಗದ ತಗ್ಗು ಬೇಕು. ಸುತ್ತಲಿನ ಗುಡ್ಡಗಳ ಮೇಲೆ ಒಂದೇ ಎತ್ತರದಲ್ಲಿ ಸಾಗುವ ಗೆರೆಗಳಿವೆಯೇ? ಅವು ಹಳೆಯ ದಡ ಇರಬಹುದು. ಅಮೆರಿಕದ ಯೂಟಾದಲ್ಲಿ ಬಾನ್‌ವಿಲ್ ಸರೋವರದ ದಡಗಳು ಬೆಟ್ಟದ ಮೈಮೇಲೆ ಇವತ್ತಿಗೂ ಎದ್ದು ಕಾಣುತ್ತವೆ. ಆ ಸರೋವರ ಸುಮಾರು 50,000 ಚದರ ಕಿಲೋಮೀಟರ್ ಹರಡಿತ್ತು, ಆಳ 300 ಮೀಟರ್ ಆಸುಪಾಸು. ಗ್ರೇಟ್ ಸಾಲ್ಟ್ ಲೇಕ್ ಅದರಲ್ಲಿ ಉಳಿದ ತುಣುಕು. ಒಂದು ತಮಾಷೆ ಏನೆಂದರೆ ಅಲ್ಲಿ ಒಂದೇ ದಡದ ಗೆರೆ ಎಲ್ಲ ಕಡೆ ಒಂದೇ ಎತ್ತರದಲ್ಲಿಲ್ಲ. ನೀರಿನ ಭಾರ ಹೋದ ಮೇಲೆ ನಡುವಿನ ನೆಲ ಹತ್ತಾರು ಮೀಟರ್ ಮೇಲೆದ್ದಿದೆ. ಭೂವಿಜ್ಞಾನಿ ಗಿಲ್ಬರ್ಟ್ ಇದನ್ನು 1890ರಲ್ಲೇ ಬರೆದಿಟ್ಟಿದ್ದಾರೆ.

ಆಮೇಲೆ ಹೂಳಿಗೆ ಕೈ ಹಾಕಿ. ತಗ್ಗಿನ ನಡುವೆ ಕೊಳವೆ ಇಳಿಸಿ ಕೋರ್, ಅಂದರೆ ಪದರಗಳು ಕಲಕದ ಹೂಳಿನ ಉದ್ದನೆಯ ಮಾದರಿ, ತೆಗೆಯಿರಿ, ಅಂಚಿನಲ್ಲಿ ಗುಂಡಿ ತೋಡಿ. ಎರಡೂ ಬೇಕು. ನುಣ್ಣನೆಯ ಕೆಸರು ದಡದಿಂದ ದೂರದ್ದು, ಮರಳು ಜಾಸ್ತಿ ಇದ್ದರೆ ದಡ ಹತ್ತಿರದಲ್ಲಿತ್ತು. ಕಲಕದ ತೆಳು ಪದರಗಳು ಸಿಕ್ಕರೆ ನೀರು ಆಳವಾಗಿತ್ತು, ಇಲ್ಲವೇ ತಳದ ಹುಳಗಳು ಬದುಕಲಾರದಷ್ಟು ಉಪ್ಪಾಗಿತ್ತು. ಬಿರುಕು, ಬೇರಿನ ಗುರುತು ಇದ್ದರೆ ಆಗಾಗ ಒಣಗುತ್ತಿತ್ತು. ಉಪ್ಪುಗಳನ್ನಂತೂ ಬಿಡಲೇಬೇಡಿ. ನೀರು ಆವಿಯಾಗುತ್ತಾ ಹೋದಂತೆ ಸಾಮಾನ್ಯವಾಗಿ ಮೊದಲು ಸುಣ್ಣ ಕೂರುತ್ತದೆ, ಆಮೇಲೆ ಜಿಪ್ಸಮ್, ಕೊನೆಗೆ ನಾವು ತಿನ್ನುವ ಉಪ್ಪು, ಹಾಗಾಗಿ ಕೆಳಗಿನಿಂದ ಮೇಲಕ್ಕೆ ಇದೇ ಕ್ರಮ ಕಂಡರೆ ನೀವು ನೋಡುತ್ತಿರುವುದು ಬತ್ತುತ್ತಿರುವ ಸರೋವರವನ್ನು. ಥಾರ್ ಮರುಭೂಮಿಯ ಡೀಡ್ವಾಣಾದಲ್ಲಿ ಸುಮಾರು 20,000 ವರ್ಷ ಹಿಂದಿನ ಪದರಗಳು ಕಡು ಉಪ್ಪುನೀರಿನವು, 6,000 ವರ್ಷ ಹಿಂದಿನವು ಸಿಹಿನೀರಿನವು.

ಗಾಳಿಯ ವಿಷಯವೂ ನೆನಪಿರಲಿ. ಒಣಗಿದ ತಳವನ್ನು ಅದು ಕೆರೆದುಕೊಂಡು ಹೋಗುತ್ತದೆ. ಚಾಡ್ ದೇಶದ ಬೊಡೇಲೆ ತಗ್ಗು ಹಳೆಯ ಮೆಗಾ ಚಾಡ್ ಸರೋವರದ ತಳ. ಅಲ್ಲಿನ ಬಿಳಿ ಹೂಳೆಲ್ಲ ಡಯಾಟಮ್ ಎಂಬ ಪಾಚಿಯ ಗಾಜಿನಂಥ ಚಿಪ್ಪು, ಅದೇ ಈಗ ದೂಳಾಗಿ ಹಾರುತ್ತಿದೆ. ಅಂಥ ಕಡೆ ಮೇಲಿನ ಪದರಗಳೇ ಇರುವುದಿಲ್ಲ.

ಜೀವಿಗಳ ಚಿಪ್ಪು ನೀರು ಸಿಹಿಯೋ ಉಪ್ಪೋ ಅಂತ ಹೇಳುತ್ತವೆ. ಆದರೆ ಒಂದೇ ಜಾತಿಯನ್ನು ನಂಬಿ ಕೂರಬೇಡಿ. ಸಹಾರಾದ ಒಳನಾಡಿನ ಹೂಳಿನಲ್ಲಿ ಕಡಲಂಚಿನ ಚಿಪ್ಪುಗಳು ಸಿಗುತ್ತವೆ. ಹಾಗಂತ ಅಲ್ಲಿಗೆ ಸಮುದ್ರ ಬಂದಿರಲಿಲ್ಲ. ಆ ಚಿಪ್ಪಿನ ಜೀವಿಗಳನ್ನು ಹಕ್ಕಿಗಳು ಹೊತ್ತು ತಂದವು, ಉಪ್ಪುನೀರಿನ ಸರೋವರದಲ್ಲಿ ಅವು ಬೆಳೆದವು ಅನ್ನುವುದೇ ಒಪ್ಪುವಂಥ ವಿವರಣೆ.

ಹೂಳಿನ ವಯಸ್ಸು ತಿಳಿಯಲು ರೇಡಿಯೋಕಾರ್ಬನ್, ಅಂದರೆ ಜೀವಿಗಳ ಉಳಿಕೆಯಲ್ಲಿ ಕಾಲ ಕಳೆದಂತೆ ಕ್ಷಯಿಸುವ ವಿಕಿರಣಶೀಲ ಇಂಗಾಲ ಅಳೆಯುವ ವಿಧಾನ, ಇದೆ, ಸುಮಾರು 50,000 ವರ್ಷದವರೆಗೆ ಮಾತ್ರ. ಚಿಪ್ಪಿಗಿಂತ ನೆಲದ ಗಿಡದ ಚೂರು ಅಥವಾ ಇದ್ದಿಲು ಮೇಲು. ಸುಣ್ಣಕಲ್ಲಿನಿಂದ ಕರಗಿ ಬಂದ ಹಳೆಯ ಇಂಗಾಲ ಚಿಪ್ಪಿಗೆ ಸೇರಿದರೆ ಅದು ಇರುವುದಕ್ಕಿಂತ ಹಳೆಯದಾಗಿ ತೋರುತ್ತದೆ. ಮರಳಿನ ಕಣಗಳು ಕೊನೆಯ ಸಲ ಬೆಳಕು ಕಂಡದ್ದು ಯಾವಾಗ ಅಂತಲೂ ಅಳೆಯಬಹುದು. ಅದಕ್ಕಾಗಿ ತೆಗೆಯುವ ಮಾದರಿಗೆ ಬಿಸಿಲು ತಾಕಿದರೆ ಅಷ್ಟೂ ಕೆಲಸ ವ್ಯರ್ಥ.

ಈಗ ಅಸಲಿ ಪ್ರಶ್ನೆ: ಆ ನೀರು ಎಲ್ಲಿಂದ ಬಂತು? ಚೀನಾದ ಲೋಪ್ ನೂರ್ ಎಂಬ ಈಗ ಒಣಗಿದ ಸರೋವರ ತುಂಬುತ್ತಿದ್ದದ್ದು ದೂರದ ಬೆಟ್ಟಗಳ ನೀರು ತರುವ ತಾರಿಮ್ ನದಿಯಿಂದ. ಹಿಮಯುಗದ ಬಾನ್‌ವಿಲ್‌ನಲ್ಲಿ ಚಳಿಯಿಂದಾಗಿ ನೀರು ಆವಿಯಾಗುವುದೇ ಕಡಿಮೆ ಇತ್ತು, ಅಂದರೆ ಸರೋವರದ ಗಾತ್ರ ನೋಡಿ ಅಷ್ಟೂ ಮಳೆಯೇ ಅನ್ನುವಂತಿಲ್ಲ. ಅರೇಬಿಯಾದ ಕೆಲವು ಹೂಳು ಸರೋವರದ್ದೋ, ಬುಗ್ಗೆ ನೀರಿನ ಜೌಗಿನದ್ದೋ ಅಂತ ಸಂಶೋಧಕರಲ್ಲೇ ಜಗಳ ನಡೆದಿದೆ.

ಹಾಗಾಗಿ ಹೂಳಿನಲ್ಲಿರುವ ಪರಾಗ ಪರೀಕ್ಷಿಸಿ, ಸುತ್ತಲಿನ ಒಣನೆಲದಲ್ಲೂ ಹುಲ್ಲು, ಮರ ಬೆಳೆದಿತ್ತೇ ಅಂತ ನೋಡಿ. ನಂತರ ಒಂದಕ್ಕೊಂದು ಸಂಬಂಧವಿಲ್ಲದ ತಗ್ಗುಗಳನ್ನು ಹೋಲಿಸಿ. ಸಹಾರಾದಲ್ಲಿ ಹಿಂದೆ ಮಳೆ ಹೆಚ್ಚಿತ್ತು ಅನ್ನುವ ವಾದ ಗಟ್ಟಿಯಾಗಿರುವುದು ಇದರಿಂದಲೇ. ಮೆಗಾ ಚಾಡ್ 3,50,000 ಚದರ ಕಿಲೋಮೀಟರಿಗಿಂತ ದೊಡ್ಡದಿತ್ತು ನಿಜ, ಆದರೆ ಅದಕ್ಕೆ ದಕ್ಷಿಣದ ಮಳೆನಾಡಿನಿಂದ ಶಾರಿ ನದಿ ನೀರು ತರುತ್ತದೆ, ಆದ್ದರಿಂದ ಅದೊಂದನ್ನೇ ಮರುಭೂಮಿಯ ಮಳೆಗೆ ಸಾಕ್ಷಿ ಮಾಡಿದರೆ ನಾನಂತೂ ಒಪ್ಪುವುದಿಲ್ಲ. ಉತ್ತರ ಮಾಲಿಯ ತೌದೆನ್ನಿ ಕಡೆಯ ತಗ್ಗುಗಳಿಗೆ ಅಂಥ ದೊಡ್ಡ ನದಿಯ ಆಸರೆ ಇಲ್ಲ. ಅಲ್ಲೂ ಅದೇ ಕಾಲದ ಸರೋವರದ ಹೂಳು ಸಿಕ್ಕಿದೆ. ಸುಮಾರು 15,000ದಿಂದ 5,000 ವರ್ಷಗಳ ಹಿಂದಿನವರೆಗೆ ಆ ಕಡೆ ಮಳೆ ಹೆಚ್ಚಿತ್ತು. ಕಾರಣವೂ ಗೊತ್ತಿದೆ: ಈಗ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯಲ್ಲಿ, ಸುಮಾರು 10,000 ವರ್ಷಗಳ ಹಿಂದೆ ಅದು ಉತ್ತರಾರ್ಧದ ಬೇಸಿಗೆಯಲ್ಲಿತ್ತು, ಕಾದ ನೆಲ ಮುಂಗಾರನ್ನು ಇನ್ನಷ್ಟು ಉತ್ತರಕ್ಕೆ ಎಳೆದುಕೊಂಡಿತು.