ಎದುರಿಗೆ ಐಗರ್, ತಟ್ಟೆಯಲ್ಲಿ ರೋಶ್ಟಿ: ಸ್ವಿಟ್ಜರ್ಲೆಂಡಿನಲ್ಲಿ ನಾವು ಊಟ ಹೊಂದಿಸಿಕೊಂಡ ಬಗೆ

ಸ್ವಿಟ್ಜರ್ಲೆಂಡಿನಲ್ಲಿ ರಸ್ತೆ ಬದಿ ನಿಂತು ಹಿಮದ ಬೆಟ್ಟ ನೋಡಿದರೆ ಯಾರೂ ದುಡ್ಡು ಕೇಳುವುದಿಲ್ಲ. ಅದೇ ಬೆಟ್ಟಕ್ಕೆ ಮುಖ ಮಾಡಿದ ಹೋಟೆಲ್ ಕುರ್ಚಿಯಲ್ಲಿ ಕೂತರೆ ಬಿಲ್ ಬರುತ್ತದೆ. ಹೊರಡುವ ಮುಂಚೆಯೇ ನಾನೂ ನಮ್ಮವರೂ ಇಂಟರ್‌ನೆಟ್‌ನಲ್ಲಿ ಅಲ್ಲಿನ ಮೆನು ಕಾರ್ಡುಗಳನ್ನು ತೆಗೆದು ನೋಡಿದ್ದೆವು. ಒಂದು ತಟ್ಟೆ ರೋಶ್ಟಿ, ಅಂದರೆ ಆಲೂಗಡ್ಡೆ ತುರಿದು ಬೆಣ್ಣೆಯಲ್ಲಿ ಕೆಂಪಗೆ ಹುರಿದದ್ದು, 20ರಿಂದ 28 ಫ್ರಾಂಕ್. ಒಂದು ಕಾಫಿ 5 ಫ್ರಾಂಕಿನ ಆಸುಪಾಸು. ಫ್ರಾಂಕಿಗೆ ನೂರು ರೂಪಾಯಿಗೂ ಜಾಸ್ತಿ. ನಾಲ್ಕು ಜನ ರಾತ್ರಿ ಊಟಕ್ಕೆ ಹೋಗಿ, ತಲೆಗೊಂದು ತಟ್ಟೆ, ಕುಡಿಯೋಕೆ ಏನಾದರೂ ಅಂತ ಹೇಳಿದರೆ 130–150 ಫ್ರಾಂಕ್ ಸುಲಭವಾಗಿ ಆಗುತ್ತದೆ. ದಿನಾ ಹೀಗೆ ಉಂಡರೆ ವಿಮಾನದ ಟಿಕೆಟ್ಟೇ ಅಗ್ಗ ಅನ್ನಿಸಿಬಿಡುತ್ತದೆ.

ಹಾಗಂತ ಪ್ರವಾಸ ಪೂರ್ತಿ ರೂಮಿನಲ್ಲಿ ಅವಲಕ್ಕಿ ಕಲಸಿಕೊಂಡು ಕೂರೋಕೆ ನನಗೆ ಮನಸ್ಸಿರಲಿಲ್ಲ. ಅಷ್ಟು ದೂರ ಹೋಗಿ ಬೆಟ್ಟದ ಎದುರು ಕೂತು ಬಿಸಿಬಿಸಿ ಏನಾದರೂ ತಿನ್ನದೆ ಬರೋದಾ? ಅದಕ್ಕೇ ಹೊಟ್ಟೆಯ ಖರ್ಚು ಬೇರೆ, ನೋಟದ ಖರ್ಚು ಬೇರೆ ಅಂತ ಮಾಡಿಕೊಂಡೆವು. ಹೊಟ್ಟೆ ತುಂಬಿಸುವುದು ಸೂಪರ್‌ಮಾರ್ಕೆಟ್ ಮತ್ತು ನಮ್ಮ ಅಡುಗೆಮನೆಯ ಕೆಲಸ. ದಿನಕ್ಕೆ ಒಂದೇ ಒಂದು ಸಲ, ಒಳ್ಳೆಯ ಜಾಗ ನೋಡಿ, ದುಡ್ಡು ಕೊಟ್ಟು ಕೂರುವುದು. ಅದು ಊಟವೇ ಆಗಬೇಕೆಂದಿಲ್ಲ.

ನಮ್ಮ ಗುಂಪಿನಲ್ಲಿ ನಾವಿಬ್ಬರು, ಹನ್ನೆರಡರ ಮಗಳು, ಮತ್ತು ಅತ್ತೆ. ಅತ್ತೆ ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ. ಜೂನ್ ತಿಂಗಳು. ಇಂಟರ್‌ಲಾಕೆನ್ ಅನ್ನುವ ಊರಿನಲ್ಲಿ ಅಡುಗೆಮನೆ ಇರುವ ಒಂದು ಪುಟ್ಟ ಫ್ಲ್ಯಾಟ್ ಬಾಡಿಗೆಗೆ ಹಿಡಿದೆವು. ರೈಲು, ಬಸ್ಸು, ದೋಣಿಗೆಲ್ಲ ಸ್ವಿಸ್ ಟ್ರಾವೆಲ್ ಪಾಸ್. 16 ತುಂಬದ ಮಕ್ಕಳು ಅಪ್ಪ ಅಮ್ಮನ ಜೊತೆಗಿದ್ದರೆ ಫ್ಯಾಮಿಲಿ ಕಾರ್ಡಿನಲ್ಲಿ ಉಚಿತವಾಗಿ ಬರುತ್ತಾರೆ. ಅದರಿಂದ ಮಗಳ ಟಿಕೆಟ್ ಉಳಿಯಿತು.

ಮನೆಯಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಗಡಲೆ, ಗೊಜ್ಜವಲಕ್ಕಿ ಪುಡಿ ಕಟ್ಟಿಕೊಂಡಿದ್ದೆವು. ತುಪ್ಪ ಮತ್ತು ಪೇಡ ಬಿಟ್ಟೆವು. ಭಾರತದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಆ ದೇಶಕ್ಕೆ ಒಯ್ಯುವಂತಿಲ್ಲ. ಅಲ್ಲಿನ ಬೆಣ್ಣೆ ಸಿಕ್ಕ ಮೇಲೆ ಅತ್ತೆಗೂ ತುಪ್ಪದ ನೆನಪು ಬರಲಿಲ್ಲ ಅನ್ನಿ.

ದುಡ್ಡು ಕೊಟ್ಟು ಕೂರುವುದಾದರೆ ಮಧ್ಯಾಹ್ನವೇ ಸರಿ. ಮಧ್ಯಾಹ್ನದ ಹೊತ್ತು ಬಹಳಷ್ಟು ಹೋಟೆಲುಗಳ ಬಾಗಿಲಲ್ಲಿ ಸೀಮೆಸುಣ್ಣದಲ್ಲಿ 'ಟಾಗೆಸ್‌ಟೆಲ್ಲರ್' ಅಂತ ಬರೆದಿರುತ್ತಾರೆ. ಅವತ್ತಿನ ಊಟ. ಸೂಪ್ ಅಥವಾ ಸಲಾಡ್ ಸೇರಿಸಿ ಸಾಮಾನ್ಯವಾಗಿ 20–25 ಫ್ರಾಂಕ್. ಅದೇ ಅಡುಗೆಮನೆಯಲ್ಲಿ ರಾತ್ರಿ ಬಿಡಿಬಿಡಿಯಾಗಿ ತರಿಸಿದರೆ ಜಾಸ್ತಿ ಬೀಳುತ್ತದೆ. ಹೆಚ್ಚಿನ ಕಡೆ ಸಸ್ಯಾಹಾರದ್ದೂ ಒಂದು ಇರುತ್ತದೆ. ಆದರೆ ಹೊತ್ತು ಮೀರಬಾರದು. ಹನ್ನೊಂದೂವರೆಯಿಂದ ಎರಡರವರೆಗೆ ಬಿಸಿ ಅಡುಗೆ, ಆಮೇಲೆ ಒಲೆ ಬಂದ್. ಮೂರು ಗಂಟೆಗೆ ಹಸಿದು ಹೋದರೆ ಕೇಕು, ತಣ್ಣಗಿನ ಸ್ಯಾಂಡ್‌ವಿಚ್ ಅಷ್ಟೇ. ನಮ್ಮೂರಿನ ಹಾಗೆ ಯಾವಾಗ ಹೋದರೂ ದೋಸೆ ಸಿಗುತ್ತದೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮಧ್ಯಾಹ್ನ ಹೊರಗೆ ಉಂಡರೆ ರಾತ್ರಿಗೆ ಅನ್ನ, ಸಾರು ಸಾಕು. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಫ್ಲ್ಯಾಟಿಗೆ ಹೋಗಿ, ಉಂಡು, ಮತ್ತೆ ಕೆರೆ ದಂಡೆಗೆ ನಡೆದು ಬಂದರೂ ಕತ್ತಲಾಗಿರುತ್ತಿರಲಿಲ್ಲ.

ಇನ್ನು ಯಾವ ಜಾಗದಲ್ಲಿ ಕೂರೋದು ಅನ್ನುವುದು. ಇದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ, ಅದರಿಂದ ಲಾಭವೂ ಆಯಿತು. ಅಲ್ಲಿ ಹೆಸರುವಾಸಿ ಬೆಟ್ಟಗಳ ಮೇಲೆಲ್ಲ ವೆಬ್‌ಕ್ಯಾಮ್ ಇದೆ. ಬೆಳಿಗ್ಗೆ ಹಲ್ಲುಜ್ಜುತ್ತಲೇ ಫೋನಿನಲ್ಲಿ ನೋಡಬಹುದು. ಮೋಡ ಕವಿದಿದ್ದರೆ ಆ ಬೆಟ್ಟ ಬೇಡ, ಬೇರೆ ಕಡೆ. ಮೇಲಿನ ಹೋಟೆಲುಗಳಲ್ಲಿ ವಾರ ಮುಂಚೆ ಟೇಬಲ್ ಕಾದಿರಿಸುವ ಗೋಜಿಗೆ ನಾನು ಹೋಗಲಿಲ್ಲ. ಅವತ್ತೇ ಬೆಳಿಗ್ಗೆ ಆಕಾಶ ನೋಡಿ ಫೋನ್ ಮಾಡಿದೆ. ಮೋಡದೊಳಗಿನ ಊಟಕ್ಕೂ ಬಿಲ್ ಅಷ್ಟೇ ಬರುತ್ತದಲ್ಲ.

ಬೆಳಕು ಯಾವ ಕಡೆಯಿಂದ ಬೀಳುತ್ತದೆ ಅನ್ನುವುದೂ ಮುಖ್ಯ. ಇಂಟರ್‌ಲಾಕೆನ್‌ನಿಂದ ನೋಡಿದರೆ ಐಗರ್, ಮೋಂಕ್, ಯುಂಗ್‌ಫ್ರಾವ್ ಮೂರೂ ಶಿಖರಗಳು ದಕ್ಷಿಣ, ಆಗ್ನೇಯದ ಕಡೆಗಿವೆ. ಬೆಳಿಗ್ಗೆ ಸೂರ್ಯ ಅವುಗಳ ಬೆನ್ನಿಗಿರುತ್ತಾನೆ. ಕಣ್ಣು ಕುಕ್ಕುತ್ತದೆ, ಬೆಟ್ಟ ಮಸುಕಾಗಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಅವುಗಳ ಮುಖಕ್ಕೆ ಬೀಳುತ್ತದೆ. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡವೂ ಏರಿ ಬರುತ್ತದೆ. ಹಾಗಾಗಿ ಶಿಖರದ ಮೇಲೆ ಹತ್ತಿ ಸುತ್ತ ನೋಡುವುದಾದರೆ ಬೆಳಿಗ್ಗೆ, ಕೆಳಗೆ ಕೂತು ಶಿಖರ ನೋಡುವುದಾದರೆ ಸಂಜೆ. ನಾವು ಹೀಗೆ ಹಂಚಿಕೊಂಡೆವು.

ಕೂರೋ ಜಾಗಕ್ಕೆ ದುಡ್ಡೇ ಕೊಡದೆ ಸಿಕ್ಕ ಒಳ್ಳೆಯ ಊಟ ಮ್ಯೂರೆನ್‌ನಲ್ಲಿ. ಲೌಟರ್‌ಬ್ರುನ್ನೆನ್‌ನಿಂದ ಕೇಬಲ್ ಕಾರು, ಅಲ್ಲಿಂದ ಪುಟ್ಟ ರೈಲು. ಎರಡಕ್ಕೂ ಪಾಸ್ ಸಾಕು. 1638 ಮೀಟರ್ ಎತ್ತರದಲ್ಲಿರುವ ಊರು, ಕಾರುಗಳಿಗೆ ಪ್ರವೇಶ ಇಲ್ಲ. ಕಣಿವೆಯ ಆಚೆ ದಂಡೆಯಲ್ಲಿ ಮೂರೂ ಶಿಖರಗಳು ಸಾಲಾಗಿ ನಿಂತಿರುತ್ತವೆ. ಊರೊಳಗೇ ಒಂದು ಕೋಪ್ ಸೂಪರ್‌ಮಾರ್ಕೆಟ್ ಇದೆ. ಬ್ರೆಡ್, ಬೆಣ್ಣೆ, ಟೊಮೆಟೊ, ಸೌತೆಕಾಯಿ, ಚೆರಿ ಹಣ್ಣು, ಮೊಸರು ಕೊಂಡೆವು. ರಸ್ತೆ ಬದಿಯ ಬೆಂಚಿನ ಮೇಲೆ ಕೂತು, ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಚಟ್ನಿಪುಡಿ ಉದುರಿಸಿ ತಿಂದೆವು. ಹತ್ತಿಪ್ಪತ್ತು ಹೆಜ್ಜೆ ಆಚೆ ಹೋಟೆಲಿನ ಟೆರೇಸಿನಲ್ಲಿ ಕೂತವರಿಗೂ ಅದೇ ಐಗರ್ ಕಾಣುತ್ತಿತ್ತು. ಅತ್ತೆ ಆ ಕಡೆ ನೋಡಿ, "ಪಾಪ, ಅವರಿಗೆ ಚಟ್ನಿಪುಡಿ ಇಲ್ಲ" ಅಂದರು.

ಬೆಂಚಿನಲ್ಲಿ ತಿನ್ನುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ. ರೈಲಿನಲ್ಲೂ ಡಬ್ಬಿ ಬಿಚ್ಚಬಹುದು, ಅಲ್ಲಿನವರೂ ತಿನ್ನುತ್ತಾರೆ. ಹೋಟೆಲಿನ ಮೇಜಿನಲ್ಲಿ ಮಾತ್ರ ಸ್ವಂತ ಡಬ್ಬಿ ತೆಗೆಯಬಾರದು, ಮಕ್ಕಳ ಬಿಸ್ಕತ್ತನ್ನೂ. ಇನ್ನೊಂದು ವಿಷಯ. ಕಾಡಂಚಿನಲ್ಲಿ, ಕೆರೆ ದಂಡೆಯಲ್ಲಿ ಕಲ್ಲು ಜೋಡಿಸಿದ ಒಲೆಗಳಿರುತ್ತವೆ. ಎಷ್ಟೋ ಕಡೆ ಕಟ್ಟಿಗೆಯನ್ನೂ ಒಟ್ಟಿ ಇಟ್ಟಿರುತ್ತಾರೆ, ಯಾರು ಬೇಕಾದರೂ ಬಳಸಬಹುದು. ಅಲ್ಲಿನವರು ಸಾಸೇಜ್ ಸುಡುತ್ತಾರೆ. ನಾವು ಮುಸುಕಿನ ಜೋಳ ಸುಟ್ಟೆವು. ನಿಂಬೆಹಣ್ಣು, ಉಪ್ಪು, ಖಾರದಪುಡಿ ಚೀಲದಲ್ಲಿತ್ತು.

ದುಡ್ಡು ಕೊಟ್ಟು ಕೂತ ಜಾಗಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಗೀಸ್‌ಬಾಕ್. ಇಂಟರ್‌ಲಾಕೆನ್ ಓಸ್ಟ್ ದೋಣಿಗಟ್ಟೆಯಿಂದ ಬ್ರಿಯೆನ್ಸ್ ಸರೋವರದ ದೋಣಿ ಹತ್ತಿದರೆ ಸುಮಾರು ಒಂದು ಗಂಟೆ. ಸರೋವರದ ನೀರು ಹಸಿರು ಬೆರೆತ ನೀಲಿ, ಹಿಮನದಿ ಅರೆದು ತಂದ ಕಲ್ಲಿನ ನುಣುಪು ಪುಡಿಯಿಂದ ಆ ಬಣ್ಣ. ದಾರಿಯಲ್ಲಿ ಇಸೆಲ್ಟ್‌ವಾಲ್ಡ್ ಸಿಗುತ್ತದೆ. ಅಲ್ಲಿನ ಒಂದು ಮರದ ಕಟ್ಟೆ ಕೊರಿಯಾದ ಧಾರಾವಾಹಿಯಲ್ಲಿ ಬಂದು ಎಷ್ಟು ಜನ ಮುತ್ತಿದರೆಂದರೆ, 2023ರಲ್ಲಿ ಊರಿನವರು ಅದಕ್ಕೆ ಗೇಟು ಹಾಕಿ 5 ಫ್ರಾಂಕ್ ಇಟ್ಟರು. ನಿಂತು ನೋಡೋಕೆ ದುಡ್ಡಿಲ್ಲ ಅಂದೆನಲ್ಲ, ಇದೊಂದು ಬಿಟ್ಟು.

ಗೀಸ್‌ಬಾಕ್ ಕಟ್ಟೆಯಲ್ಲಿ ಇಳಿದರೆ ಎದುರಿಗೇ ಕೆಂಪು ಬಣ್ಣದ ಹಳಿಗಾಡಿ. 1879ರದ್ದು, ಇವತ್ತಿಗೂ ಗುಡ್ಡ ಹತ್ತಿಸುತ್ತದೆ. ಪಕ್ಕದಲ್ಲಿ ಕಾಲುದಾರಿಯೂ ಇದೆ. ಅತ್ತೆಯ ಮಂಡಿ ನೋಡಿಕೊಂಡು ನಾವು ಗಾಡಿ ಹತ್ತಿದೆವು. ಮೇಲೆ 1870ರ ದಶಕದ ದೊಡ್ಡ ಅರಮನೆಯಂಥ ಹೋಟೆಲ್. ಒಂದು ಕಾಲಕ್ಕೆ ಅದನ್ನು ಕೆಡವುವ ಮಾತು ನಡೆದಿತ್ತಂತೆ. 1983ರಲ್ಲಿ ಫ್ರಾಂಟ್ಸ್ ವೇಬರ್ ಅನ್ನುವ ಪರಿಸರ ಹೋರಾಟಗಾರ ಜನರಿಂದ ಹಣ ಕೂಡಿಸಿ ಉಳಿಸಿಕೊಂಡರು. ಅದರ ಟೆರೇಸಿನಲ್ಲಿ ಕೂತರೆ ಎದುರಿಗೆ 14 ಹಂತದಲ್ಲಿ ಧುಮುಕುವ ಜಲಪಾತ, ತಿರುಗಿದರೆ ಕೆಳಗೆ ಸರೋವರ.

ಅಲ್ಲಿ ರೂಮು ಹಿಡಿಯುವ ಮಾತು ಬಿಡಿ. ರಾತ್ರಿ ಊಟವೂ ನಮ್ಮ ಲೆಕ್ಕಕ್ಕೆ ಹೊರಗೆ. ಆದರೆ ಮೂರು ಗಂಟೆಯ ಕಾಫಿಗೆ ಯಾರು ಬೇಕಾದರೂ ಕೂರಬಹುದು. ದೋಣಿಯಲ್ಲೇ ಪುಳಿಯೋಗರೆ ಮುಗಿಸಿದ್ದೆವು, ಡೆಕ್ಕಿನ ಬೆಂಚಿನ ಮೇಲೆ. ಟೆರೇಸಿನಲ್ಲಿ ಮೂರು ಕಾಫಿ, ಮಗಳಿಗೆ ಐಸ್‌ಕ್ರೀಮ್, ನನಗೂ ನಮ್ಮವರಿಗೂ ಸೇರಿ ಒಂದು ಏಪ್ರಿಕಾಟ್ ಟಾರ್ಟ್. ಬೆಳ್ಳಿ ಬಣ್ಣದ ಪುಟ್ಟ ಟ್ರೇನಲ್ಲಿ ಕಾಫಿ ತಂದಿಟ್ಟರು. ಯಾರೂ ಎಬ್ಬಿಸಲಿಲ್ಲ, ಬಿಲ್ ಕೇಳುವ ತನಕ ಬಿಲ್ ತರಲೂ ಇಲ್ಲ. ಆ ದೇಶದಲ್ಲಿ ಇದು ಪದ್ಧತಿ, ನಾವೇ ಕೇಳಬೇಕು. ಹಾಗಾಗಿ ಮುಂದಿನ ದೋಣಿ ಬರುವವರೆಗೆ ಆರಾಮಾಗಿ ಕೂತೆವು. ಒಂದು ಊಟದ ದುಡ್ಡಿನಲ್ಲಿ ನಾಲ್ವರಿಗೆ ಇಂಥ ಜಾಗ ಸಿಕ್ಕಿತಲ್ಲ, ಈ ಉಪಾಯವನ್ನು ಆಮೇಲೂ ಬಿಡಲಿಲ್ಲ. ದುಬಾರಿ ಜಾಗ ಅಂದರೆ ಊಟದ ಹೊತ್ತು ಬಿಟ್ಟು ಕಾಫಿ ಹೊತ್ತಿಗೆ ಹೋಗುವುದು.

ಸಸ್ಯಾಹಾರಿಗಳು ಸ್ವಲ್ಪ ವಿಚಾರಿಸಲೇಬೇಕು. ರೋಶ್ಟಿ ನೋಡೋಕೆ ಬರೀ ಆಲೂಗಡ್ಡೆ. ಆದರೆ ಕೆಲವರು ಹಂದಿ ಕೊಬ್ಬಿನಲ್ಲಿ ಹುರಿಯುತ್ತಾರೆ, ಕೆಲವರು ಒಳಗೆ 'ಶ್ಪೆಕ್' ಅಂತ ಹಂದಿ ಮಾಂಸದ ಚೂರು ಹಾಕುತ್ತಾರೆ. ಬೆಣ್ಣೆಯಲ್ಲಿ ಮಾಡಿ ಅಂದರೆ ಬೇಸರ ಮಾಡಿಕೊಳ್ಳದೆ ಮಾಡಿಕೊಡುತ್ತಾರೆ. ತರಕಾರಿ ಸೂಪಿನ ತಿಳಿ ದನದ ಮೂಳೆಯದ್ದಾಗಿರಬಹುದು, ಅದನ್ನೂ ಕೇಳಬೇಕು. ಫಾಂಡ್ಯೂ, ಅಂದರೆ ಬ್ರೆಡ್ ಅದ್ದಿ ತಿನ್ನುವ ಕರಗಿಸಿದ ಚೀಸ್, ಅದರಲ್ಲಿ ಸಾಮಾನ್ಯವಾಗಿ ಬಿಳಿ ವೈನ್ ಇರುತ್ತದೆ, ಚೆರಿ ಹಣ್ಣಿನ ಮದ್ಯವನ್ನೂ ಸುರಿಯುತ್ತಾರೆ. ಗ್ರುಯೇರ್‌ನಂಥ ಗಟ್ಟಿ ಚೀಸ್ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದನ್ನೆಲ್ಲ ಅತ್ತೆಗೆ ಮೊದಲೇ ಹೇಳಿದ್ದೆ. "ಹಾಗಾದ್ರೆ ನಂಗೆ ಚೀಸ್ ಬೇಡಮ್ಮಾ, ನೀವು ತಿನ್ನಿ" ಅಂದರು. ಅವರಿಗೆ ತರಕಾರಿ ರೋಶ್ಟಿ, ಸಲಾಡ್, ಹಣ್ಣು. ಸೂಪರ್‌ಮಾರ್ಕೆಟ್ಟಿನಲ್ಲಿ ಹಳದಿ ಮೇಲೆ ಹಸಿರು ವಿ ಗುರುತಿರುವ ಪೊಟ್ಟಣ ಹುಡುಕುವುದನ್ನು ಮಗಳು ತನ್ನ ಕೆಲಸ ಮಾಡಿಕೊಂಡಳು.

ನಾವು ಮೂವರು ಮಾತ್ರ ಆಲ್ಪ್ಲರ್‌ಮಾಗ್ರೋನೆನ್ ಬಿಡಲಿಲ್ಲ. ಮೆಕರೋನಿ, ಆಲೂಗಡ್ಡೆ, ಕೆನೆ, ಚೀಸ್, ಮೇಲೆ ಹುರಿದ ಈರುಳ್ಳಿ. ಪಕ್ಕದಲ್ಲಿ ಬೇಯಿಸಿದ ಸೇಬಿನ ಸಿಹಿ ಗೊಜ್ಜು. ಖಾರಾಬಾತ್ ಪಕ್ಕ ಕೇಸರಿಬಾತ್ ಇಟ್ಟ ಹಾಗೆ. ದನಗಾಹಿಗಳ ಊಟ ಅದು, ಒಂದು ತಟ್ಟೆ ತಿಂದರೆ ಸಂಜೆಯವರೆಗೆ ಹಸಿವಿಲ್ಲ. ಇದರಲ್ಲೂ ಶ್ಪೆಕ್ ಬೇಡ ಅಂತ ಹೇಳಬೇಕು. ನನ್ನನ್ನು ಕೇಳಿದರೆ ಫಾಂಡ್ಯೂಗಿಂತ ಇದೇ ಮೇಲು. ಫಾಂಡ್ಯೂ ಅಲ್ಲಿನವರಿಗೆ ಚಳಿಗಾಲದ ತಿಂಡಿ, ಜೂನ್ ಬಿಸಿಲಲ್ಲಿ ಅದನ್ನು ತಿನ್ನುವವರು ಬಹುತೇಕ ನಮ್ಮಂಥ ಪ್ರವಾಸಿಗರೇ. ಇಂಟರ್‌ಲಾಕೆನ್‌ನಲ್ಲಿ ಇಂಡಿಯನ್ ಹೋಟೆಲುಗಳು ಬೇಕಾದಷ್ಟಿವೆ. ಬೆಲೆ ಏನೂ ಕಡಿಮೆಯಿಲ್ಲ. ಬೆಟ್ಟ ಕಾಣದ ಗೋಡೆ ಪಕ್ಕ ಕೂತು ದಾಲ್ ತಿನ್ನೋಕೆ ಅಷ್ಟು ಕೊಡೋಕೆ ನನಗೆ ಮನಸ್ಸು ಬರಲಿಲ್ಲ.

ನೀರಿನ ವಿಷಯ. ಊರೂರಲ್ಲಿ ಕಲ್ಲಿನ ತೊಟ್ಟಿಗೆ ಸದಾ ನೀರು ಬೀಳುತ್ತಿರುತ್ತದೆ. 'ಕೈನ್ ಟ್ರಿಂಕ್‌ವಾಸರ್' (ಕುಡಿಯುವ ನೀರಲ್ಲ) ಅನ್ನುವ ಬೋರ್ಡ್ ಇಲ್ಲದಿದ್ದರೆ ಧಾರಾಳವಾಗಿ ಕುಡಿಯಬಹುದು. ಬಾಟಲಿ ಅಲ್ಲೇ ತುಂಬಿಸಿಕೊಳ್ಳುತ್ತಿದ್ದೆವು. ಹೋಟೆಲಿನಲ್ಲಿ ನಲ್ಲಿ ನೀರು ಕೇಳಿದರೆ ಕೆಲವರು ಸುಮ್ಮನೆ ಕೊಡುತ್ತಾರೆ, ಕೆಲವರು ಅದಕ್ಕೂ ಬಿಲ್ ಹಾಕುತ್ತಾರೆ. ಮೊದಲೇ ಕೇಳಿಬಿಡಿ, ಮುಜುಗರ ಬೇಡ. ಸರ್ವಿಸಿನ ದುಡ್ಡು ಬೆಲೆಯಲ್ಲೇ ಸೇರಿರುತ್ತದೆ, ಬೇರೆ ಟಿಪ್ಸ್ ಕೊಡಲೇಬೇಕೆಂದಿಲ್ಲ. ಮೇಲಿನ ಚಿಲ್ಲರೆ ಸರಿದೂಗಿಸಿ ಕೊಟ್ಟರೆ ಸಾಕು. ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ಬಿಟ್ಟು. ಶನಿವಾರ ಸಂಜೆಯೇ ಸಾಮಾನು ತಂದಿಡಬೇಕು. ಆ ಹೊತ್ತಿಗೆ ಬ್ರೆಡ್, ಸಲಾಡ್‌ಗಳ ಮೇಲೆ ಬೆಲೆ ಇಳಿಸಿದ ಚೀಟಿಯೂ ಅಂಟಿರುತ್ತದೆ.

ಹೀಗೆ ಉಳಿಸಿದ್ದನ್ನೆಲ್ಲ ಕೂಡಿಸಿ ಒಂದು ರಾತ್ರಿ ಊಟಕ್ಕೆ ಇಟ್ಟಿದ್ದೆವು, ಹಾರ್ಡರ್ ಕುಲ್ಮ್‌ನಲ್ಲಿ. ಇಂಟರ್‌ಲಾಕೆನ್‌ನ ನೆತ್ತಿಯ ಮೇಲಿನ ಗುಡ್ಡ, 1322 ಮೀಟರ್. ಹಳಿಗಾಡಿಯಲ್ಲಿ ಹತ್ತು ನಿಮಿಷ, ಪಾಸ್ ಇದ್ದರೆ ಟಿಕೆಟ್ ಅರ್ಧ. ಮೇಲೆ ಗೋಪುರದ ಹಳೆಯ ಹೋಟೆಲ್. ಪಕ್ಕದಲ್ಲಿ ಕಣಿವೆಯ ಮೇಲೆ ಚಾಚಿದ ಕಟ್ಟೆ. ಅಲ್ಲಿ ನಿಂತರೆ ಒಂದು ಕೈಗೆ ಥೂನ್ ಸರೋವರ, ಇನ್ನೊಂದು ಕೈಗೆ ಬ್ರಿಯೆನ್ಸ್, ಎದುರಿಗೆ ಮೂರು ಶಿಖರ. ಇಲ್ಲಿ ಸಂಜೆಯೇ ಹೋಗಬೇಕು, ಮೊದಲು ಹೇಳಿದ ಬೆಳಕಿನ ಲೆಕ್ಕಕ್ಕೆ. ಬೆಳಿಗ್ಗೆ ವೆಬ್‌ಕ್ಯಾಮ್ ನೋಡಿ, ಹೊರಗಿನ ಕಟಾಂಜನದ ಪಕ್ಕದ ಮೇಜು ಬೇಕು ಅಂತ ಕೇಳಿಕೊಂಡೆ. ಏಳಕ್ಕೆ ಕೂತೆವು. ಸೂರ್ಯ ಇಳಿಯುತ್ತಿದ್ದ ಹಾಗೆ ಹಿಮ ಮೊದಲು ಹಳದಿಗೆ, ಆಮೇಲೆ ಗುಲಾಬಿಗೆ ತಿರುಗಿತು. ಮಗಳು ಫೋಟೊ ತೆಗೆಯುವುದು ಬಿಟ್ಟು ತಿನ್ನಲೇ ಇಲ್ಲ, ಅವಳ ಫ್ರೆಂಚ್ ಫ್ರೈಸ್ ನಾನು ಖಾಲಿ ಮಾಡಿದೆ. ಬಿಲ್ ಬಂದಾಗ ನಮ್ಮವರು ಅದನ್ನು ಮಡಚಿ ಅತ್ತೆಗೆ ಕಾಣದ ಹಾಗೆ ಜೇಬಿಗಿಟ್ಟರು. ಅತ್ತೆ ಬಿಡುತ್ತಾರಾ? "ರೂಪಾಯಿ ಲೆಕ್ಕದಲ್ಲಿ ಹೇಳಬೇಡ, ಫ್ರಾಂಕಲ್ಲಿ ಹೇಳು" ಅಂದರು.

ನೀವೂ ಹೋಗುವುದಾದರೆ ಕೆಳಗಿಳಿಯುವ ಕೊನೆಯ ಗಾಡಿ ಎಷ್ಟಕ್ಕೆ ಅಂತ ಹತ್ತುವಾಗಲೇ ನೋಡಿಟ್ಟುಕೊಳ್ಳಿ. ಚಳಿಗಾಲದಲ್ಲಿ ಅದು ಓಡುತ್ತದೋ ಇಲ್ಲವೋ ಮೊದಲೇ ವಿಚಾರಿಸಿ. ಜೂನ್‌ನಲ್ಲೂ ಬಿಸಿಲು ಹೋದ ತಕ್ಷಣ ಚಳಿ ಹಿಡಿಯುತ್ತದೆ, ಸ್ವೆಟರ್ ಚೀಲದಲ್ಲಿರಲಿ.